ಘಟ್ಟ ಅಂದರೆ ಬೆಟ್ಟವಲ್ಲ

ಮಳೆಗಾಲದಲ್ಲಿ ಆಗುಂಬೆ ನೋಡಬೇಕೆಂದು ಬೆಂಗಳೂರಿನಿಂದ ಬರುವ ನೆಂಟರು ದಾರಿಯುದ್ದಕ್ಕೂ ಕೇಳುವ ಪ್ರಶ್ನೆ ಒಂದೇ: "ಘಟ್ಟ ಎಲ್ಲಿ ಶುರುವಾಗುತ್ತೆ?" ಶಿವಮೊಗ್ಗ ದಾಟಿತು, ಗಾಜನೂರು ದಾಟಿತು, ಮಂಡಗದ್ದೆ, ತೀರ್ಥಹಳ್ಳಿ ಎಲ್ಲ ಹಿಂದಾಯಿತು. ಕಾಡು ದಟ್ಟವಾಗುತ್ತದೆ, ಮಳೆ ಬಿರುಸಾಗುತ್ತದೆ, ಆದರೆ ಗಾಡಿ ಏದುಸಿರು ಬಿಡುವಂಥ ಏರು ಮಾತ್ರ ಬರುವುದೇ ಇಲ್ಲ. ಕಾಯುತ್ತ ಕಾಯುತ್ತ ಆಗುಂಬೆ ಪೇಟೆಯೇ ಬಂದುಬಿಡುತ್ತದೆ.

ಲೆಕ್ಕ ನೋಡಿದರೆ ಆಶ್ಚರ್ಯವೇನಿಲ್ಲ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ, ತೀರ್ಥಹಳ್ಳಿ 590, ಆಗುಂಬೆ 640 ಚಿಲ್ಲರೆ. ತೊಂಬತ್ತೈದು ಕಿಲೋಮೀಟರ್ ಹಾದಿಯಲ್ಲಿ ಏರಿದ್ದು ಎಪ್ಪತ್ತು ಮೀಟರ್. ಅದಕ್ಕಿಂತ ತಮಾಷೆಯೆಂದರೆ ಬೆಂಗಳೂರು ಇರುವುದು 900 ಮೀಟರಿಗೂ ಮೇಲೆ. ಅಂದರೆ ಘಟ್ಟ ಹತ್ತುತ್ತೇವೆ ಅಂತ ಹೊರಟ ನೆಂಟರು ಅಷ್ಟೂ ದೂರ ಒಟ್ಟಾರೆ ಇಳಿದುಕೊಂಡೇ ಬಂದಿರುತ್ತಾರೆ.

ಆಗುಂಬೆ ದಾಟಿದ ಮೇಲೆ ಮಾತ್ರ ಕಥೆ ಬೇರೆ. ಚೆಕ್‌ಪೋಸ್ಟ್ ಕಳೆದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿಗೆ ನೆಲವೇ ಮುಗಿದುಹೋಗುತ್ತದೆ. ಕಾಲ ಬುಡದಿಂದ ಕಾಡು ಸೀದಾ ಕೆಳಕ್ಕೆ ಧುಮುಕಿ, ದೂರದಲ್ಲಿ ಸಪಾಟಾದ ಕರಾವಳಿ ಹರಡಿಕೊಂಡಿರುತ್ತದೆ. ಆಕಾಶ ಚೊಕ್ಕಟವಿದ್ದ ದಿನ ಅದರಾಚೆ ಅರಬ್ಬೀ ಸಮುದ್ರವೂ ಕಾಣುತ್ತದೆ. ಹದಿನಾಲ್ಕು ತಿರುವುಗಳಲ್ಲಿ ರಸ್ತೆ ಅಷ್ಟೂ ಎತ್ತರವನ್ನು ಒಂದೇ ಏಟಿಗೆ ಇಳಿದುಬಿಡುತ್ತದೆ. ತಿರುವುಗಳು ಎಷ್ಟು ಕಿರಿದೆಂದರೆ ಉದ್ದನೆಯ ಬಸ್ಸು ಒಗ್ಗುವುದಿಲ್ಲ, ಮಿನಿ ಬಸ್ಸುಗಳದೇ ಓಡಾಟ. "ಘಟ್ಟ ಎಲ್ಲಿ" ಅಂತ ಕೇಳುತ್ತಿದ್ದವರಿಗೆ ಆಗ ಹೇಳಬೇಕು: ಇದೇ ಘಟ್ಟ. ಇದು ಹತ್ತುವ ಬೆಟ್ಟವಲ್ಲ, ಇಳಿಯುವ ಮೆಟ್ಟಿಲು.

ಈ ಒಂದು ಮಾತು ಗಟ್ಟಿಯಾಗಿ ತಲೆಗೆ ಹೋದರೆ ಪಶ್ಚಿಮ ಘಟ್ಟದ ಅರ್ಧ ಭೂಗೋಳ ತಾನಾಗಿ ಬಿಡಿಸಿಕೊಳ್ಳುತ್ತದೆ. ಅದರ ಹೆಸರು, ಅದರ ಹೊಳೆಗಳು, ಅದರ ಮಳೆ ಎಲ್ಲವೂ ಆ ಮೆಟ್ಟಿಲಿನ ಫಲ.

ಮೊದಲು ಹೆಸರನ್ನೇ ನೋಡೋಣ. ಸಂಸ್ಕೃತದಲ್ಲಿ 'ಘಟ್ಟ' ಅಂದರೆ ನದಿಗೆ ಇಳಿಯುವ ಸೋಪಾನ. ಕಾಶಿಯ ಘಾಟುಗಳಿಗೂ ನಮ್ಮ ಆಗುಂಬೆ ಘಾಟಿಗೂ ಶಬ್ದ ಒಂದೇ. ಒಂದು ಕಡೆ ಗಂಗೆಗೆ ಇಳಿಯುವ ಮೆಟ್ಟಿಲು, ಇನ್ನೊಂದು ಕಡೆ ಕರಾವಳಿಗೆ ಇಳಿಯುವ ಮೆಟ್ಟಿಲು. ಮಲೆನಾಡಿನವರ ಬಾಯಲ್ಲಿ ಇವತ್ತಿಗೂ 'ಘಟ್ಟ' ಅಂದರೆ ಪರ್ವತಶ್ರೇಣಿಯಲ್ಲ. ಆಗುಂಬೆ ಘಾಟಿ, ಬಾಳೆಬರೆ ಘಾಟಿ, ಚಾರ್ಮಾಡಿ, ಶಿರಾಡಿ, ಸಂಪಾಜೆ, ದೇವಿಮನೆ, ಅರಬೈಲು ಹೀಗೆ ಒಂದೊಂದು ಘಟ್ಟವೂ ಒಂದೊಂದು ಇಳಿಜಾರಿನ ಹಾದಿ. ಶಿರಸಿಯವರಿಗೆ ಕುಮಟಾ, ಹೊನ್ನಾವರ 'ಘಟ್ಟದ ಕೆಳಗೆ'. ಕುಮಟೆಯವರಿಗೆ ಶಿರಸಿ 'ಘಟ್ಟದ ಮೇಲೆ'. ಹೆಣ್ಣು ಕೊಡುವಾಗಲೂ ತರುವಾಗಲೂ "ಘಟ್ಟದ ಕೆಳಗಿನ ಸಂಬಂಧ" ಅನ್ನುವ ಮಾತು ಬರುತ್ತದೆಯೇ ಹೊರತು, "ನಾವು ಪಶ್ಚಿಮ ಘಟ್ಟದವರು" ಅಂತ ಯಾರೂ ಪರಿಚಯ ಹೇಳಿಕೊಳ್ಳುವುದಿಲ್ಲ.

ಹಾಗಾದರೆ ಹಾದಿಯ ಹೆಸರು ಇಡೀ ಬೆಟ್ಟಸಾಲಿಗೆ ಅಂಟಿಕೊಂಡದ್ದು ಹೇಗೆ? ಅದು ಯುರೋಪಿನವರ ಕೆಲಸ. ಕಡಲ ಕಡೆಯಿಂದ ಬಂದ ಅವರಿಗೆ ಒಳನಾಡಿಗೆ ಹೋಗಬೇಕೆಂದರೆ ಯಾವುದಾದರೂ ಒಂದು ಘಟ್ಟ ಹತ್ತಬೇಕಿತ್ತು. ಎಲ್ಲಿ ವಿಚಾರಿಸಿದರೂ 'ಘಾಟ್' ಅನ್ನುವ ಉತ್ತರ ಕೇಳಿ ಕೇಳಿ, ಆ ಗೋಡೆಗೇ ಘಾಟ್ ಎಂದು ಕರೆದರು. ಪೂರ್ವದ ಕಡೆಯೂ ಬೆಟ್ಟಗಳಿದ್ದವಲ್ಲ, ಅದು ಈಸ್ಟರ್ನ್, ಇದು ವೆಸ್ಟರ್ನ್ ಆಯಿತು. ಆ 'ವೆಸ್ಟರ್ನ್ ಘಾಟ್ಸ್' ನಮ್ಮ ಭೂಗೋಳದ ಪಠ್ಯಪುಸ್ತಕದಲ್ಲಿ 'ಪಶ್ಚಿಮ ಘಟ್ಟ'ವಾಗಿ ತವರಿಗೆ ಮರಳಿತು. ನಮ್ಮದೇ ಶಬ್ದ ಹೊರಗೆ ಹೋಗಿ ಅರ್ಥ ಬದಲಿಸಿಕೊಂಡು ಬಂದ ಕಥೆ ಇದು. ಇದಕ್ಕಿಂತ ಮುಂಚಿನ ಆಡಳಿತಗಳು ಶಬ್ದವನ್ನು ಅದರ ಸ್ಥಾನದಲ್ಲೇ ಇಟ್ಟಿದ್ದವು. ದಖ್ಖನಿನ ಮುಸ್ಲಿಂ ಅರಸರ ಕಾಗದಪತ್ರಗಳಲ್ಲಿ ಕರ್ನಾಟಕ ಬಾಲಾಘಾಟ್, ಕರ್ನಾಟಕ ಪಾಯೀನ್‌ಘಾಟ್ ಎಂಬ ವಿಂಗಡಣೆ ಬರುತ್ತದೆ. ಹಾಗೆಂದರೆ ಘಟ್ಟದ ಮೇಲಿನದು, ಘಟ್ಟದ ಕೆಳಗಿನದು. ಶಿರಸಿಯವರ ಲೆಕ್ಕವೇ!

ಇಲ್ಲೊಂದು ಕಾಕತಾಳೀಯ ನನಗೆ ಬಹಳ ಇಷ್ಟ. ಬೆಳಗಾವಿಯಿಂದ ಉತ್ತರಕ್ಕೆ ಈ ಸಾಲು ಲಾವಾ ಗಟ್ಟಿಯಾಗಿ ಉಂಟಾದ ಕಪ್ಪು ಬಸಾಲ್ಟ್ ಕಲ್ಲಿನದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರದ ಮೇಲೆ ಪದರವಾಗಿ ಹರಿದ ಲಾವಾ ಸವೆದು ಸವೆದು ಬೆಟ್ಟಗಳ ಪಕ್ಕೆಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿವೆ. ಭೂವಿಜ್ಞಾನಿಗಳು ಇದನ್ನು 'ಡೆಕ್ಕನ್ ಟ್ರ್ಯಾಪ್' ಅನ್ನುತ್ತಾರೆ. ಆ 'ಟ್ರ್ಯಾಪ್' ಬೋನೂ ಅಲ್ಲ, ಬಲೆಯೂ ಅಲ್ಲ, ಸ್ವೀಡಿಷ್ ಭಾಷೆಯ 'ಟ್ರಾಪ್ಪಾ', ಮೆಟ್ಟಿಲು. ಕನ್ನಡಿಗ ನೋಡಿದರೂ ಮೆಟ್ಟಿಲು, ಸ್ವೀಡನ್ನಿನವ ನೋಡಿದರೂ ಮೆಟ್ಟಿಲು.

ನಮ್ಮ ಭಾಗಕ್ಕೆ ಬಂದರೆ ಕಲ್ಲು ಬೇರೆ. ಬೆಳಗಾವಿಯಿಂದ ಕೆಳಗೆ ಇರುವುದು ಧಾರವಾಡ ಶಿಲಾವರ್ಗದ, ಮುನ್ನೂರು ಕೋಟಿ ವರ್ಷದ ಆಸುಪಾಸಿನ ಹಳೆಯ ಕಲ್ಲು. ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಅಗೆದ ಕಬ್ಬಿಣದ ಅದಿರು ಈ ವರ್ಗದ್ದು. ಕಲ್ಲು ಇಷ್ಟು ಹಳೆಯದಾದರೂ ಮೆಟ್ಟಿಲು ಅಷ್ಟು ಹಳೆಯದಲ್ಲ. ಹಿಮಾಲಯದ ಹಾಗೆ ಎರಡು ಭೂಖಂಡ ಡಿಕ್ಕಿ ಹೊಡೆದು ನೆಲ ಸುಕ್ಕುಗಟ್ಟಿ ಎದ್ದ ಪರ್ವತವೂ ಇದಲ್ಲ. ಇಲ್ಲಿ ಆದದ್ದು ಅದಕ್ಕೆ ತಿರುಗಾಮುರುಗಾ. ಕೂಡಿಕೊಂಡಿದ್ದ ನೆಲ ಬಿರಿದು ಬೇರೆಯಾಯಿತು. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಅಂಚಿನಿಂದ ಕಳಚಿಕೊಂಡು ಹೋಯಿತು. ಆಮೇಲೆ ಸೇಶಲ್ಸ್ ಹೋಯಿತು. ರೊಟ್ಟಿ ಮುರಿದಾಗ ಮುರಿದ ಕಡೆ ಅಂಚು ಉಳಿಯುತ್ತದಲ್ಲ, ಹಾಗೆ ಉಳಿದ ಅಂಚು ಇದು. ಮುರಿದ ಜಾಗದಿಂದ ಒಳಕ್ಕೆ ಮಳೆನೀರು ಕೋಟ್ಯಂತರ ವರ್ಷ ಕೊರೆಯುತ್ತ ಬಂದು ಅಂಚನ್ನು ಕಡಲಿನಿಂದ ಹಿಂದಕ್ಕೆ ಸರಿಸಿದೆ. ಹಿಂದೆ ಸರಿದಷ್ಟು ಅಗಲದ ನೆಲವೇ ಕರಾವಳಿ. ಕಾರವಾರದ ಹತ್ತಿರ ಅಂಚು ಕಡಲಿಗೆ ಮೈ ತಾಗಿಸಿಕೊಂಡಂತಿದೆ, ಮಂಗಳೂರಿನ ಕಡೆ ದೂರ ಸರಿದಿದೆ.

ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಬೇಕೆಂದರೆ ಮಲ್ಪೆಯಿಂದ ದೋಣಿ ಹತ್ತಬೇಕು. ಸೇಂಟ್ ಮೇರೀಸ್ ದ್ವೀಪದಲ್ಲಿ ಯಾರೋ ಕೆತ್ತಿ ಜೋಡಿಸಿಟ್ಟಂತೆ ಪಟ್ಟೆಪಟ್ಟೆಯಾಗಿ ನಿಂತ ಕಲ್ಲುಕಂಬಗಳು ಮಡಗಾಸ್ಕರ್ ಬೇರ್ಪಟ್ಟ ಹೊತ್ತಿನ ಜ್ವಾಲಾಮುಖಿಯ ಶಿಲೆ. ಜನ ಅದರ ಮೇಲೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳಲಿ, ಆದರೆ ಬೆನ್ನ ಹಿಂದೆ ಪೂರ್ವದಲ್ಲಿ ನೀಲಿಯಾಗಿ ಕಾಣುವ ಘಟ್ಟದ ಗೆರೆಗೂ ಕಾಲ ಕೆಳಗಿನ ಈ ಕಂಬಗಳಿಗೂ ಇರುವ ನಂಟು ಗೊತ್ತಿದ್ದರೆ ಫೋಟೋಕ್ಕೆ ಇನ್ನೊಂದು ತೂಕ.

ಅಂಚು ಗುಜರಾತಿನ ಗಡಿಯಲ್ಲಿ ತಾಪಿ ನದಿಯ ಬಳಿ ಶುರುವಾಗಿ ಕನ್ಯಾಕುಮಾರಿಯ ತನಕ ಸುಮಾರು 1,600 ಕಿಲೋಮೀಟರ್ ಓಡುತ್ತದೆ. ನಡುವೆ ದೊಡ್ಡದಾಗಿ ಬಾಯಿ ಬಿಟ್ಟಿರುವುದು ಒಂದೇ ಕಡೆ, ಕೇರಳದ ಪಾಲಕ್ಕಾಡಿನಲ್ಲಿ. ಅತಿ ಎತ್ತರದ ಆನಮುಡಿ ಕೂಡ ಕೇರಳದ್ದೇ, 2,695 ಮೀಟರ್. ನಮ್ಮಲ್ಲಿ ಉತ್ತರ ಕನ್ನಡದ ಘಟ್ಟ ತಗ್ಗು, ದಕ್ಷಿಣಕ್ಕೆ ಬಂದಂತೆ ಎತ್ತರ. ಅಂಚಿನ ಮೇಲೆ ಅಲ್ಲಲ್ಲಿ ಕುದುರೆಮುಖ, ಪುಷ್ಪಗಿರಿ, ತಡಿಯಂಡಮೋಳ್ ತಲೆ ಎತ್ತಿವೆ. ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ (ಸುಮಾರು 1,930 ಮೀಟರ್) ಇರುವುದು ಅಂಚಿನ ಮೇಲೂ ಅಲ್ಲ. ಅದು ಅಂಚಿನಿಂದ ಒಳಗೆ, ಚಿಕ್ಕಮಗಳೂರಿನ ನೆತ್ತಿಯ ಮೇಲೆ, ಬೇರೆಯೇ ಒಂದು ಸಾಲಿನಲ್ಲಿ ಕೂತಿದೆ.

ನೆಲ ಹೀಗಿರುವುದರಿಂದಲೇ ನಮ್ಮ ಹೊಳೆಗಳ ನಡತೆ ವಿಚಿತ್ರ. ಕೃಷ್ಣೆ ಹುಟ್ಟುವ ಮಹಾಬಲೇಶ್ವರದಿಂದ ಅರಬ್ಬೀ ಸಮುದ್ರಕ್ಕೆ ಹೆಚ್ಚೆಂದರೆ ಅರವತ್ತೈದು ಕಿಲೋಮೀಟರ್. ಅದು ಅತ್ತ ತಿರುಗಿಯೂ ನೋಡದೆ ಪೂರ್ವಕ್ಕೆ 1,400 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿ ಸೇರುತ್ತದೆ. ಕಾವೇರಿಯದೂ ಅದೇ ಬುದ್ಧಿ, ತುಂಗಭದ್ರೆಯದೂ ಅದೇ. ಕಾರಣ ಸರಳ. ಮಾಳಿಗೆಯ ಅಂಚು ಎತ್ತರವಿದ್ದು ಒಳಕ್ಕೆ ವಾಟ ಇದ್ದರೆ ನೀರು ಒಳಕ್ಕೇ ಹರಿಯುತ್ತದೆ. ಅಂಚಿನಿಂದ ಆಚೆ ಬಿದ್ದ ನೀರು ಮಾತ್ರ ನೇತ್ರಾವತಿಯಾಗಿ, ಸೀತಾನದಿಯಾಗಿ ಒಂದೇ ಉಸಿರಿಗೆ ಕಡಲು ಸೇರುತ್ತದೆ. ಸಕಲೇಶಪುರ ತಾಲ್ಲೂಕಿನ ಬಿಸಿಲೆ ಕಡೆ ದಾರಿಬದಿಯಲ್ಲಿ ಬ್ರಿಟಿಷರ ಕಾಲದ ಒಂದು ಕಲ್ಲಿದೆ. ಒಂದು ಮಗ್ಗುಲಿಗೆ ಬಂಗಾಳ ಕೊಲ್ಲಿ, ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರ ಅಂತ ಬರೆದಿದೆ. ಆ ಕಲ್ಲಿನ ನೆತ್ತಿಗೆ ಬಿದ್ದ ಹನಿ ಎಡಕ್ಕೆ ಜಾರಿತೋ ಬಲಕ್ಕೆ ಜಾರಿತೋ ಅನ್ನುವುದರ ಮೇಲೆ ಅದರ ಮುಂದಿನ ಪಯಣವೆಲ್ಲ ನಿಂತಿದೆ.

ಇವೆರಡರ ಮಧ್ಯೆ ಶರಾವತಿಯದು ಒಂದು ಸ್ವತಂತ್ರ ಸ್ವಭಾವ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಘಟ್ಟದ ಮೇಲೆ ವಾಯವ್ಯಕ್ಕೆ ಸಮಾಧಾನದಿಂದ ಹರಿದು, ಜೋಗದಲ್ಲಿ ತಟ್ಟನೆ ಮೆಟ್ಟಿಲು ತಪ್ಪಿದವಳಂತೆ 253 ಮೀಟರ್ ಕೆಳಗೆ ಬೀಳುತ್ತದೆ. ಹುಟ್ಟಿನಿಂದ ಕಡಲಿನವರೆಗೆ 130 ಕಿಲೋಮೀಟರೂ ಇಲ್ಲದ ಹೊಳೆ ರಾಜ್ಯಕ್ಕೆ ಇಷ್ಟು ವರ್ಷ ಕರೆಂಟು ಕೊಟ್ಟದ್ದು ಆ ಒಂದು ಬೀಳಿನ ಬಲದಿಂದ.

'ಪಶ್ಚಿಮ ಘಟ್ಟ' ಹೊಸ ಹೆಸರಾದರೆ ಹಳೆಯ ಹೆಸರು ಯಾವುದು? ಪುರಾಣಗಳು ಏಳು ಕುಲಪರ್ವತಗಳನ್ನು ಎಣಿಸುತ್ತವೆ: ಮಹೇಂದ್ರ, ಮಲಯ, ಸಹ್ಯ, ಶುಕ್ತಿಮಾನ್, ಋಕ್ಷ, ವಿಂಧ್ಯ, ಪಾರಿಯಾತ್ರ. ಇವುಗಳಲ್ಲಿ ಎರಡು ನಮ್ಮ ಸಾಲಿನವೇ. ಉತ್ತರದ ಭಾಗ ಸಹ್ಯ, ದಕ್ಷಿಣದ ತುದಿ ಮಲಯ. ಸಹ್ಯ ಅಂದರೆ ಸಹಿಸಬಹುದಾದದ್ದು. ಕಾಳಿದಾಸ ಈ ಶಬ್ದದ ಜೊತೆ ಆಟವಾಡಿದ್ದಾನೆ. ರಘುವಂಶದ ನಾಲ್ಕನೇ ಸರ್ಗದಲ್ಲಿ ದಿಗ್ವಿಜಯಕ್ಕೆ ಹೊರಟ 'ಅಸಹ್ಯ' ಪರಾಕ್ರಮದ ರಘು 'ಸಹ್ಯ'ವನ್ನು ದಾಟುತ್ತಾನೆ. ಶ್ಲೇಷೆಗಿಂತ ನನಗೆ ಹಿಡಿಸುವುದು ಅದೇ ಶ್ಲೋಕದ ಚಿತ್ರ. ಕಡಲು ದೂರ ಸರಿದುಹೋದ ಸಹ್ಯಪರ್ವತ, ಉಟ್ಟ ವಸ್ತ್ರ ಜಾರಿದ ಭೂಮಿಯ ನಿತಂಬದ ಹಾಗಿದೆಯಂತೆ. ಮುಂದಿನ ಶ್ಲೋಕದಲ್ಲಿ ಪರಶುರಾಮ ಕಡಲನ್ನು ಹಿಂದಕ್ಕಟ್ಟಿದ ಕಥೆಯ ನೆನಪೂ ಬರುತ್ತದೆ. ಕವಿಗೆ ಭೂವಿಜ್ಞಾನ ಗೊತ್ತಿತ್ತು ಅಂತ ವಾಟ್ಸಾಪಿನಲ್ಲಿ ಹಬ್ಬಿಸುವ ಅಗತ್ಯವಿಲ್ಲ. ಘಟ್ಟದ ಬುಡಕ್ಕೂ ಕಡಲಿಗೂ ನಡುವಿನ ಸಪಾಟು ಪಟ್ಟಿಯನ್ನು ನೋಡಿದ ಯಾರಿಗೇ ಆದರೂ "ಇಲ್ಲಿ ಹಿಂದೆ ನೀರಿತ್ತೇನೋ" ಅನ್ನಿಸದೆ ಇರುವುದಿಲ್ಲ. ಆ ಅನ್ನಿಸಿಕೆ ಒಬ್ಬರಲ್ಲಿ ಪುರಾಣವಾಯಿತು, ಇನ್ನೊಬ್ಬರಲ್ಲಿ ಉಪಮೆಯಾಯಿತು.

'ಮಲಯ' ಮಾತ್ರ ಸಂಸ್ಕೃತದ ವೇಷ ಹಾಕಿದ ನಮ್ಮ ಮನೆಯ ಹುಡುಗ. ಕನ್ನಡದ ಮಲೆ, ತಮಿಳಿನ ಮಲೈ, ಮಲಯಾಳದ ಮಲ ಎಲ್ಲವೂ ಒಂದೇ ದ್ರಾವಿಡ ಬೇರಿನವು. ಆರನೇ ಶತಮಾನದ ಗ್ರೀಕ್ ವರ್ತಕ ಕಾಸ್ಮಾಸ್ ಕರಿಮೆಣಸು ಬೆಳೆಯುವ ಈ ನಾಡನ್ನು 'ಮಲೆ' ಎಂದೇ ಬರೆದಿದ್ದಾನೆ. ಅದಕ್ಕೆ 'ಬಾರ್' ಸೇರಿ ಮಲಬಾರ್ ಆಯಿತು. ಹೊಯ್ಸಳರು ಮೂಡಿಗೆರೆ ಕಡೆಯ ಅಂಗಡಿ ಎಂಬ ಊರಿನಿಂದ ಎದ್ದು ಬಂದವರು. ಮಲೆಯ ಪಾಳೆಯಗಾರರಾದ ಮಲೆಪರನ್ನೆಲ್ಲ ಅಡಗಿಸಿದ ಹೆಮ್ಮೆಗೆ 'ಮಲೆಪರೊಳ್ಗಂಡ' ಎಂಬ ಬಿರುದನ್ನು ಶಾಸನದಲ್ಲೂ ನಾಣ್ಯದಲ್ಲೂ ಹಾಕಿಸಿಕೊಂಡರು. ಮಲೆ ಅಂದರೆ ಬರೀ ಎತ್ತರವಲ್ಲ, ಕಾಡು ತುಂಬಿದ ಎತ್ತರ. ಆದ್ದರಿಂದಲೇ ಪಶ್ಚಿಮ ಘಟ್ಟಕ್ಕೆ ಸೇರದ ಮಾದಪ್ಪನ ಎಪ್ಪತ್ತೇಳು ಮಲೆಯೂ ಮಲೆಯೇ.

ಮಲೆನಾಡು ಅಂದರೆ ಮಳೆಯ ನಾಡು ಅಂತ ಅರ್ಥ ಹೇಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ತಪ್ಪು, ಆದರೆ ಚೆಂದದ ತಪ್ಪು. ಹಳಗನ್ನಡದಲ್ಲಿ ಮಳೆ 'ಮೞೆ'. ಈಗ ಬಿದ್ದುಹೋಗಿರುವ ೞ ಅಕ್ಷರದ ಶಬ್ದ ಅದು. ಮಲೆಗೂ ಅದಕ್ಕೂ ಹುಟ್ಟಿನಲ್ಲಿ ಸಂಬಂಧವಿಲ್ಲ. ನೆಲದ ಮೇಲೆ ಮಾತ್ರ ಒಂದನ್ನು ಬಿಟ್ಟು ಒಂದಿಲ್ಲ.

ಈಗ ಮಳೆಯ ಮಾತು. ಜೂನ್ ಮೊದಲ ವಾರ ನೈರುತ್ಯದ ಗಾಳಿ ಅರಬ್ಬೀ ಸಮುದ್ರದ ಮೇಲಿಂದ ಸಾವಿರಾರು ಕಿಲೋಮೀಟರ್ ನೀರು ಹೀರಿಕೊಂಡು ಬರುತ್ತದೆ. ಕರಾವಳಿಯ 28 ಡಿಗ್ರಿ ಸೆಕೆಯಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ 27 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಎದುರಿಗೆ ಅಂಚು ಅಡ್ಡ ನಿಂತಿದೆ, ಪಕ್ಕಕ್ಕೆ ಸರಿಯಲು ನೂರಾರು ಕಿಲೋಮೀಟರ್ ಜಾಗವಿಲ್ಲ. ಗಾಳಿ ಹತ್ತಲೇಬೇಕು. ಮೇಲೆ ಹತ್ತಿದಂತೆ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣಿಯುತ್ತದೆ. 24 ಡಿಗ್ರಿಗೆ ಇಳಿಯಿತೆಂದರೆ ಅದರ ಹಿಡಿತ 22 ಗ್ರಾಂಗೆ ಇಳಿಯುತ್ತದೆ. ಉಳಿದ ಐದು ಗ್ರಾಂ ಎಲ್ಲಿಗೆ ಹೋಗಬೇಕು? ಒದ್ದೆ ಬಟ್ಟೆ ಹಿಂಡಿದಂತೆ ಕೆಳಗೆ ಬೀಳುತ್ತದೆ. ಆವಿ ನೀರಾಗುವಾಗ ಬಿಟ್ಟುಕೊಡುವ ಶಾಖ ಮೋಡವನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ, ಮೇಲೆ ಹೋದಷ್ಟೂ ಇನ್ನಷ್ಟು ಹಿಂಡಿಕೊಳ್ಳುತ್ತದೆ. ಹೀಗೆ ಹಗಲು ರಾತ್ರಿ ಹೊಸ ಹೊಸ ಗಾಳಿ ಬಂದು ಬಂದು ಅದೇ ಮೆಟ್ಟಿಲು ಹತ್ತುತ್ತಿರುತ್ತದೆ.

ಆಗುಂಬೆ ಅಷ್ಟೇನೂ ಎತ್ತರವಲ್ಲ ಅಂತ ಮೊದಲೇ ಹೇಳಿದೆ. ಅಷ್ಟು ಮಳೆ ಬರುವುದು ಎತ್ತರದ ದೆಸೆಯಿಂದಲ್ಲ, ಏರು ಕಡಿದಾಗಿರುವುದರಿಂದ, ಅದೂ ಕಡಲಿಗೆ ಹತ್ತಿರದಲ್ಲಿ. ಅಲ್ಲಿಯ ವರ್ಷದ ಸರಾಸರಿ ಸುಮಾರು 7,600 ಮಿಲಿಮೀಟರ್. ಮಿಲಿಮೀಟರ್ ಲೆಕ್ಕ ತಲೆಗೆ ಹತ್ತದಿದ್ದರೆ ಹೀಗೆ ನೋಡಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಒಂದು ಮಣೆ ಹಾಕಿ ಕೂತು ಊಟ ಮಾಡುವಷ್ಟು ಜಾಗದ ಮೇಲೆ ವರ್ಷಕ್ಕೆ ಸಣ್ಣ ಟ್ಯಾಂಕರಿನಷ್ಟು ನೀರು ಸುರಿಯುತ್ತದೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. 'ದಕ್ಷಿಣದ ಚಿರಾಪುಂಜಿ' ಅನ್ನುವ ಬಿರುದು ನನಗೆ ಹಿಡಿಸುವುದಿಲ್ಲ. ಕೊಡಗು ಯಾವುದೋ ಕಾಶ್ಮೀರ, ಇದು ಯಾವುದೋ ಚಿರಾಪುಂಜಿ. ನಮ್ಮ ಊರುಗಳನ್ನು ಬೇರೆಯವರ ಹೆಸರಲ್ಲೇ ಗುರುತಿಸಬೇಕೆ? ಸಾಲದ್ದಕ್ಕೆ ಹೊಸನಗರ ತಾಲ್ಲೂಕಿನ ಹುಲಿಕಲ್, ಖಾನಾಪುರ ಕಡೆಯ ಆಮಗಾಂವ್ ಕೆಲವು ವರ್ಷ ಆಗುಂಬೆಯನ್ನೇ ಹಿಂದೆ ಹಾಕುತ್ತವೆ.

ಅಂಚು ದಾಟಿದ ಗಾಳಿಯ ಕಥೆ ಬೇರೆ. ಹೊರೆ ಇಳಿಸಿಕೊಂಡು ಹಗುರಾಗಿ ಪೂರ್ವಕ್ಕೆ ಬಂದು, ಇಳಿಯುತ್ತ ಬೆಚ್ಚಗಾಗಿ, ಇದ್ದಬದ್ದ ಮೋಡವನ್ನೂ ಕರಗಿಸಿಕೊಳ್ಳುತ್ತದೆ. ಆಗುಂಬೆಯಿಂದ ಚಿತ್ರದುರ್ಗಕ್ಕೆ ರಸ್ತೆಯಲ್ಲಿ ಸುಮಾರು ಇನ್ನೂರು ಕಿಲೋಮೀಟರ್. ಅಲ್ಲಿಯ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು, ಆಗುಂಬೆಯ ಹತ್ತನೇ ಒಂದು ಭಾಗವೂ ಇಲ್ಲ. ಜುಲೈ ತಿಂಗಳಲ್ಲಿ ಬೆಳಿಗ್ಗೆ ಆಗುಂಬೆಯಿಂದ ಬಸ್ಸು ಹತ್ತಿ ಮನೆಗಳ ಮಾಡು ನೋಡುತ್ತ ಹೋಗಿ. ಶುರುವಿಗೆ ಕಡಿದಾದ ಹೆಂಚಿನ ಮಾಡು, ಜಗಲಿಗೆ ಇರಚಲು ಹೊಡೆಯದಂತೆ ಕಟ್ಟಿದ ಅಡಕೆ ಸೋಗೆಯ ತಟ್ಟಿ. ತೀರ್ಥಹಳ್ಳಿ ಕಳೆದಂತೆ ತಟ್ಟಿ ಕಾಣೆಯಾಗುತ್ತದೆ. ಶಿವಮೊಗ್ಗದ ಹೊತ್ತಿಗೆ ಮಾಡಿನ ಇಳಿಜಾರು ಸಡಿಲವಾಗಿ, ಅಡಕೆ ತೋಟದ ಜಾಗಕ್ಕೆ ಮೆಕ್ಕೆಜೋಳ ಬಂದಿರುತ್ತದೆ. ಚಿತ್ರದುರ್ಗದ ಹಳ್ಳಿಗಳಲ್ಲಿ ಉಳಿದಿರುವ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ, ಚಪ್ಪಟೆ. ಒಂದೇ ಹಗಲಿನಲ್ಲಿ ಕಂಬಳಿಕೊಪ್ಪೆಯಿಂದ ಬೋಳುತಲೆಗೆ ಬಂದಂತೆ. ಮಲೆನಾಡು, ಅರೆಮಲೆನಾಡು, ಬಯಲುಸೀಮೆ ಎಂಬ ಹೆಸರುಗಳನ್ನು ಯಾವ ಹವಾಮಾನ ಇಲಾಖೆಯೂ ಕೊಟ್ಟದ್ದಲ್ಲ. ಆದರೆ ನಕ್ಷೆಯಲ್ಲಿ ಮಳೆಯ ಗೆರೆ ಎಳೆದರೆ ಹೆಚ್ಚುಕಮ್ಮಿ ಇವೇ ಗೆರೆಗಳ ಮೇಲೆ ಹಾದುಹೋಗುತ್ತವೆ. ದುರ್ಗದವರು ಮುಂಗಾರಿನ ಅಬ್ಬರಕ್ಕಿಂತ ಸೆಪ್ಟೆಂಬರ್, ಅಕ್ಟೋಬರಿನ ಗುಡುಗಿನ ಮಳೆಯನ್ನೇ ನೆಚ್ಚುವುದೂ ಇದರಿಂದಲೇ.

ಮಲೆನಾಡಿನಲ್ಲಿ ಮಳೆಗೆ ಎರಡು ಥರದ ಲೆಕ್ಕವಿದೆ. ಕಾಫಿ ತೋಟದವರದು ಇಂಚಿನ ಲೆಕ್ಕ. ಅಂಗಳದ ಮಧ್ಯೆ ಮಳೆಮಾಪಕ ಇಟ್ಟುಕೊಂಡು ದಿನಾ ಬೆಳಿಗ್ಗೆ ಅಳೆದು ಡೈರಿಯಲ್ಲಿ ಬರೆಯುತ್ತಾರೆ. ಫೋನಿನಲ್ಲಿ ಆರೋಗ್ಯ ವಿಚಾರಿಸುವ ಮೊದಲು "ನಿಮ್ಮಲ್ಲಿ ಎಷ್ಟು ಇಂಚಾಯ್ತು?" ಕೇಳುತ್ತಾರೆ. ಮಾರ್ಚ್, ಏಪ್ರಿಲಿನ ಹೂಮಳೆ ಅವರಿಗೆ ವರ್ಷದ ಹಣೆಬರಹ. ಒಂದು ಇಂಚು ಸರಿಯಾದ ಹೊತ್ತಿಗೆ ಬಿದ್ದರೆ ಇಡೀ ತೋಟ ಬೆಳ್ಳಗೆ ಹೂವಾಗುತ್ತದೆ. ಎರಡನೆಯದು ನಕ್ಷತ್ರದ ಲೆಕ್ಕ. ವರ್ಷದ ಇಪ್ಪತ್ತೇಳು ನಕ್ಷತ್ರಗಳಲ್ಲಿ ಒಂದೊಂದಕ್ಕೆ ಹದಿಮೂರು, ಹದಿನಾಲ್ಕು ದಿನ. ಜೂನ್ ಎಂಟರ ಸುಮಾರಿಗೆ ಮೃಗಶಿರ, ಇಪ್ಪತ್ತೊಂದು ಇಪ್ಪತ್ತೆರಡಕ್ಕೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಅನ್ನುವ ಗಾದೆ ನಾಟಿಗೆ ಕಾದು ಕೂತವನ ಬಾಯಿಂದ ಬಂದದ್ದು. ನಮ್ಮ ಅಜ್ಜಯ್ಯ ಜೂನ್, ಜುಲೈ ಅಂದವರೇ ಅಲ್ಲ. "ಪುನರ್ವಸು ಒಳಗೆ ಔಷಧಿ ಹೊಡೆದು ಮುಗಿಸಬೇಕು" ಅನ್ನುತ್ತಿದ್ದರು. ಔಷಧಿ ಅಂದರೆ ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ. ಬಿಡದೆ ಜಡಿಮಳೆ ಹಿಡಿದರೆ ಅಡಕೆಗೆ ಕೊಳೆರೋಗ ತಪ್ಪಿದ್ದಲ್ಲ. ಬಿಸಿಲು ಕಂಡ ಅರ್ಧ ದಿನದಲ್ಲಿ ಕೊನೆಗಾರನನ್ನು ಹಿಡಿದು ತರುವುದು, ಅವನು ಮರ ಹತ್ತುವಷ್ಟರಲ್ಲಿ ಮತ್ತೆ ಮೋಡ ಕವಿಯುವುದು, ಇದು ಪ್ರತಿವರ್ಷದ ಪಾಡು. ಮಳೆಯ ಸೌಂದರ್ಯದ ಬಗ್ಗೆ ಯಾರಾದರೂ ಮಾತೆತ್ತಿದರೆ ತೋಟವಿದ್ದವರು ಸುಮ್ಮನೆ ಎದ್ದುಹೋಗುವುದು ಇದಕ್ಕೇ.

ಇಷ್ಟು ನೀರು ಕಂಡ ನಾಡಿನಲ್ಲೇ ಮಾರ್ಚ್ ತಿಂಗಳಿಗೆ ಬಾವಿಗಳು ತಳ ಕಾಣುತ್ತವೆ. ಅದೂ ಮೆಟ್ಟಿಲಿನದೇ ಗುಣ. ಕಡಿದಾದ ಜಾಗದಲ್ಲಿ ನೀರು ನಿಲ್ಲುವುದಿಲ್ಲ. ನಿಲ್ಲಿಸಿಕೊಳ್ಳುವುದು ಕಾಡಿನ ನೆಲ, ಬೆಟ್ಟದ ಸಂದಿಯ ಶೋಲಾ ಕಾಡು, ರಾಮಪತ್ರೆ ಮರಗಳು ಬೇರು ಮೇಲೆತ್ತಿ ನಿಂತಿರುವ ಜಡ್ಡಿ ಎಂಬ ಜೌಗು. ಮಳೆ ಕಲ್ಲನ್ನೂ ಬಿಟ್ಟಿಲ್ಲ. ಯುಗಯುಗಗಳ ಮಳೆ ಮಣ್ಣಿನ ಸಿಲಿಕಾವನ್ನೆಲ್ಲ ತೊಳೆದು, ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶವನ್ನು ಉಳಿಸಿದ್ದರಿಂದಲೇ ನಮ್ಮ ಕೆಂಪುಕಲ್ಲು ಹುಟ್ಟಿದ್ದು. ದಕ್ಷಿಣ ಕನ್ನಡದಲ್ಲಿ ಅದು ಮುರಕಲ್ಲು, ಶಿವಮೊಗ್ಗದಲ್ಲಿ ಜಂಬಿಟ್ಟಿಗೆ, ಉತ್ತರ ಕನ್ನಡದಲ್ಲಿ ಚಿರೆಕಲ್ಲು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. 'ಲ್ಯಾಟರ್' ಅಂದರೆ ಲ್ಯಾಟಿನ್ನಿನಲ್ಲಿ ಇಟ್ಟಿಗೆ. ಜಂಬಿಟ್ಟಿಗೆಯಲ್ಲೂ ಇಟ್ಟಿಗೆಯೇ ಇದೆ.

ಮೆಟ್ಟಿಲು ಇನ್ನೂ ಸವೆಯುತ್ತಲೇ ಇದೆ. ಮಲೆನಾಡಿನವರು "ಧರೆ ಕುಸಿಯಿತು" ಅನ್ನುತ್ತಾರೆ, ಕೊಡಗಿನವರು "ಬರೆ ಜರಿಯಿತು" ಅನ್ನುತ್ತಾರೆ. 2018ರ ಆಗಸ್ಟಿನಲ್ಲಿ ಕೊಡಗು, 2024ರ ಜುಲೈನಲ್ಲಿ ಅಂಕೋಲಾದ ಶಿರೂರು. ಬೆಟ್ಟದ ಬುಡವನ್ನು ರಸ್ತೆಗಾಗಿ ಲಂಬವಾಗಿ ಕತ್ತರಿಸಿದರೆ ಮೇಲಿನ ಮಣ್ಣು ಮಳೆನೀರು ಕುಡಿದು ಭಾರವಾಗಿ ಕೂರಲು ಜಾಗವಿಲ್ಲದೆ ಇಳಿಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ 57 ಸುರಂಗಗಳಲ್ಲಿ ನುಗ್ಗಿ ಇಳಿಯುವ ರೈಲು ಮಳೆಗಾಲ ಬಂತೆಂದರೆ ಎಷ್ಟೋ ಸಲ ನಿಂತುಬಿಡುವುದೂ ಹೀಗೆ ಹಳಿಯ ಮೇಲೆ ಮಣ್ಣು ಬಂದು ಕೂತಾಗಲೇ.

'ಪಶ್ಚಿಮ ಘಟ್ಟ' ಎಂಬ ಪಠ್ಯಪುಸ್ತಕದ ಹೆಸರು ಹಳ್ಳಿಯ ಬಾಯಿಗೆ ಬಂದದ್ದು ತೀರಾ ಈಚೆಗೆ. 2012ರಲ್ಲಿ ಯುನೆಸ್ಕೋ ಇಲ್ಲಿಯ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು, ಅವುಗಳಲ್ಲಿ ಹತ್ತು ನಮ್ಮವು. ಅದು ಊರಿಗೆ ಮುಟ್ಟಲಿಲ್ಲ. ಮುಟ್ಟಿದ್ದು ಪಶ್ಚಿಮ ಘಟ್ಟದ ರಕ್ಷಣೆಗೆಂದು ಕೇಂದ್ರ ನೇಮಿಸಿದ್ದ ಸಮಿತಿಯ ಕಸ್ತೂರಿರಂಗನ್ ವರದಿ. 2014ರಿಂದ 2024ರವರೆಗೆ ಕೇಂದ್ರ ಸರ್ಕಾರ ಆರು ಸಲ ಕರಡು ಅಧಿಸೂಚನೆ ಹೊರಡಿಸಿತು. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶವೆಂದು ಅದರಲ್ಲಿದೆ. ಅಲ್ಲಿಯವರೆಗೆ ತನ್ನದು ಮಲೆನಾಡು ಅಂದುಕೊಂಡಿದ್ದವನಿಗೆ ಗ್ರಾಮಸಭೆಯಲ್ಲಿ "ನಿಮ್ಮ ಹಳ್ಳಿ ಪಶ್ಚಿಮ ಘಟ್ಟದಲ್ಲಿ ಬರುತ್ತೆ" ಅಂದರೆ, ಹೆಸರಿಗೂ ಪಹಣಿಗೂ ನಂಟು ಇದೆ ಅಂತ ಗೊತ್ತಾಗುತ್ತದೆ.

ಬಿಡಿ ಬಿಡಿ ಬೆಟ್ಟಗಳ ಹೆಸರು ಮಾತ್ರ ಯಾವ ಸಮಿತಿಯೂ ಇಟ್ಟದ್ದಲ್ಲ, ನೋಡಿದವರು ಇಟ್ಟದ್ದು. ಯಾವ ಕಡೆಯಿಂದ ನೋಡಿದರು ಅನ್ನುವುದೂ ಅದರಲ್ಲೇ ಇರುತ್ತದೆ. ಕುದುರೆಮುಖದಲ್ಲಿ ಕುದುರೆಯ ಮುಖ ಕಾಣಬೇಕೆಂದರೆ ಕರಾವಳಿ ಕಡೆಯಿಂದ ತಲೆಯೆತ್ತಿ ನೋಡಬೇಕು. ಮೇಲಿನ ಸಂಸೆ, ಕಳಸದ ಕಡೆಯಿಂದ ನೋಡಿದರೆ ಕುದುರೆಯೂ ಇಲ್ಲ, ಮುಖವೂ ಇಲ್ಲ, ಹುಲ್ಲಿನ ಬೋಳು ಬೆನ್ನು. ಹಾಗಾಗಿ ಅದು ಘಟ್ಟದ ಕೆಳಗಿನವರು ಇಟ್ಟ ಹೆಸರು. ಬೆಳ್ತಂಗಡಿಯ ಗಡಾಯಿಕಲ್ಲಿಗೆ ಟಿಪ್ಪು ಸುಲ್ತಾನ ತನ್ನ ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟ. ಅದು ಕೋಟೆಯ ಹೆಸರಾಗಿ ದಾಖಲೆಯಲ್ಲಿ ಉಳಿಯಿತು, ಜನರಿಗೆ ಕಲ್ಲು ಗಡಾಯಿಕಲ್ಲೇ. ಕೊಡಚಾದ್ರಿ ಅಂದರೆ ಕುಟಜಾದ್ರಿ. ಕುಟಜ ಎಂದರೆ ನಮ್ಮ ಕೊಡಸಿಗೆ ಗಿಡ, ಬೇಸಿಗೆಯಲ್ಲಿ ಬಿಳಿ ಹೂ ಬಿಡುವಂಥದು. ಮುಳ್ಳಯ್ಯನಗಿರಿಯ ತುದಿಯಲ್ಲಿ ಮುಳ್ಳಪ್ಪಸ್ವಾಮಿಯ ಗದ್ದುಗೆಯಿದೆ. ಪಕ್ಕದ ಬಾಬಾಬುಡನ್ ಗಿರಿಗೆ ಆ ಹೆಸರು ತಂದುಕೊಟ್ಟ ಫಕೀರ ಯೆಮನ್ನಿನ ಮೋಚಾದಿಂದ ಏಳು ಕಾಫಿಬೀಜ ತಂದನೆಂಬುದು ಪ್ರತೀತಿ. ಅದೇ ಸಾಲು ಬಾಲಚಂದ್ರನ ಹಾಗೆ ಬಾಗಿರುವುದರಿಂದ ಚಂದ್ರದ್ರೋಣ. ಒಂದೇ ಬೆಟ್ಟಕ್ಕೆ ಆಕಾರ ಒಂದು ಹೆಸರು ಕೊಟ್ಟಿತು, ಮನುಷ್ಯ ಇನ್ನೊಂದು ಕೊಟ್ಟ.

'ಬೆಟ್ಟ' ಅನ್ನುವ ಶಬ್ದವನ್ನೂ ನಂಬಿಕೊಂಡು ಹೋಗುವಂತಿಲ್ಲ. ಶಿರಸಿ, ಸಿದ್ದಾಪುರದಲ್ಲಿ ಅಡಕೆ ಬೆಳೆಗಾರ "ಬೆಟ್ಟಕ್ಕೆ ಹೋಗಿ ಬರ್ತೇನೆ" ಅಂದರೆ ಚಾರಣಕ್ಕೆ ಹೊರಟ ಅಂತಲ್ಲ. ತೋಟಕ್ಕೆ ಸೊಪ್ಪು, ದರಕು ತರಲು ಬಿಟ್ಟುಕೊಂಡಿರುವ ಸೊಪ್ಪಿನಬೆಟ್ಟಕ್ಕೆ ಹೊರಟಿದ್ದಾನೆ. ಅದು ಮನೆಯ ಹಿಂದಿನ ಸಣ್ಣ ದಿಬ್ಬವೂ ಆಗಿರಬಹುದು. ಹೋದ ವರ್ಷ ಬಂದಿದ್ದ ಒಬ್ಬ ನೆಂಟರು ಕ್ಯಾಮೆರಾ, ಟೊಪ್ಪಿ, ಬೂಟು ಎಲ್ಲ ಏರಿಸಿಕೊಂಡು ಹಾಗೆ ಹಿಂದೆಯೇ ಹೊರಟರು. ಹತ್ತು ನಿಮಿಷಕ್ಕೆ ವಾಪಸು ಬಂದರು, ಎರಡೂ ಕಾಲಿಗೆ ಉಂಬಳ, ಅಂದರೆ ಜಿಗಣೆ, ಹತ್ತಿಸಿಕೊಂಡು. "ಬೆಟ್ಟ ಎಲ್ಲಿ ಶುರುವಾಗುತ್ತೆ ಅಂತಲೇ ಗೊತ್ತಾಗಲಿಲ್ಲ" ಅಂದರು.

ಸುಣ್ಣ ತಂದು ಕೊಟ್ಟೆವು.